ಮೂಳೆ ಬೆಳೆಸುವ ಸೆರಾಮಿಕ್ ಸ್ಕ್ಯಾಫೋಲ್ಡ್: ಫೋಮ್ ಕತ್ತರಿಸುವುದರಿಂದ ಕೋಟಿಂಗ್ ಪರೀಕ್ಷಿಸುವವರೆಗೆ

ಮೂಳೆ ಬೆಳೆಯಲು ಆಸರೆಯಾಗುವ ರಂಧ್ರದ ಸೆರಾಮಿಕ್ ತುಂಡು, ಅಂದರೆ ಸ್ಕ್ಯಾಫೋಲ್ಡ್, ಮಾಡುವ ಬೆಂಗಳೂರಿನ ಕಾಲೇಜು ಲ್ಯಾಬ್‌ಗಳಿಂದ ಬರುವ ದೂರುಗಳು ಹೆಚ್ಚುಕಮ್ಮಿ ಒಂದೇ ಥರ. "ಕೋಟಿಂಗ್ ಉದುರಿ ಹೋಗ್ತಿದೆ." "ಎಸ್‌ಬಿಎಫ್ (ಕೃತಕ ದೇಹದ್ರವ) ರಾತ್ರಿ ಬೆಳಗಾಗೋದ್ರಲ್ಲಿ ಬೆಳ್ಳಗಾಯ್ತು." "ಫರ್ನೆಸ್‌ನಿಂದ ತೆಗೆಯೋವಾಗ್ಲೇ ಪುಡಿಯಾಯ್ತು." ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಅನುಮಾನಿಸುವುದು ಕೋಟಿಂಗ್ ದ್ರಾವಣವನ್ನು. ಹೊಸ ಬಾಟಲಿ ತರಿಸುತ್ತಾರೆ, ದುಡ್ಡು ಖರ್ಚಾಗುತ್ತದೆ, ಫಲ ಮಾತ್ರ ಅದೇ. ತಪ್ಪು ಸಾಮಾನ್ಯವಾಗಿ ಎರಡು ಹಂತ ಹಿಂದೆ ಇರುತ್ತದೆ. ಅರೆಬೆಂದ ಸೆರಾಮಿಕ್ ಮೇಲೆ, ಪುಡಿ ಕೂತ ಮೇಲ್ಮೈ ಮೇಲೆ ಯಾವ ಕೋಟಿಂಗೂ ನಿಲ್ಲುವುದಿಲ್ಲ.

ಹಾಗಾಗಿ ಇಲ್ಲಿ ಪ್ರತಿ ಮುಖ್ಯ ಹಂತದ ಕೊನೆಗೆ ಒಂದು ಸಣ್ಣ ಪರೀಕ್ಷೆ ಇದೆ. ಅದರಲ್ಲಿ ಪಾಸಾಗದ ತುಂಡನ್ನು ಮುಂದಿನ ಹಂತಕ್ಕೆ ಕಳಿಸಬೇಡಿ, ಎಷ್ಟೇ ಚೆನ್ನಾಗಿ ಕಂಡರೂ.

ನಾವು ಮಾಡುವುದು ಹೈಡ್ರಾಕ್ಸಿಅಪಟೈಟ್ ಸ್ಕ್ಯಾಫೋಲ್ಡ್. ಹೈಡ್ರಾಕ್ಸಿಅಪಟೈಟ್ ಅಂದರೆ ಮೂಳೆಯಲ್ಲಿರುವಂಥ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ. ಸ್ಪಂಜಿನಂಥ ಫೋಮ್‌ಗೆ ಸೆರಾಮಿಕ್ ಸ್ಲರಿ (ನೀರಲ್ಲಿ ಕಲಸಿದ ಪುಡಿ) ಹಿಡಿಸಿ, ಫೋಮ್ ಸುಟ್ಟು, ಉಳಿದದ್ದನ್ನು ಕಾಯಿಸಿ ಗಟ್ಟಿ ಮಾಡುವುದು. ಅದರ ಮೇಲೆ ಪಾಲಿಡೋಪಮಿನ್ ಎಂಬ ಅಂಟುಗುಣದ ಕಂದು ಪದಾರ್ಥದ ತೆಳು ಪದರ. ಅದರ ಮೇಲೆ, ಬೇಕಿದ್ದರೆ, ಎಸ್‌ಬಿಎಫ್ ಎಂಬ ಕೃತಕ ದೇಹದ್ರವದಲ್ಲಿ ನೆನೆಸಿ ಮೂಳೆಯಂಥ ಅಪಟೈಟ್ ಬೆಳೆಸುವುದು. ಇದು ಲ್ಯಾಬ್ ಪರೀಕ್ಷೆಗೆ ಮಾತ್ರ. ಹೀಗೆ ಮಾಡಿದ ತುಂಡನ್ನು ಯಾವ ಕಾರಣಕ್ಕೂ ಮನುಷ್ಯರ ಮೈಯೊಳಗೆ ಇಡುವಂತಿಲ್ಲ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಮೊದಲು ಫರ್ನೆಸ್ ವಿಚಾರ. ಕಾಲೇಜಿನ ಸಾಮಾನ್ಯ ಮಫಲ್ ಫರ್ನೆಸ್ ಮೇಲೆ ಅಂಟಿಸಿದ ಫಲಕ ಓದಿ. ಬಹಳಷ್ಟು 1000 ಅಥವಾ 1100 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲುತ್ತವೆ. ನಮಗೆ ಬೇಕಾದ್ದು 1250. ಸಿಲಿಕಾನ್ ಕಾರ್ಬೈಡ್ ಅಥವಾ ಮಾಲಿಬ್ಡಿನಂ ಡೈಸಿಲಿಸೈಡ್ ಎಲಿಮೆಂಟ್ ಇರುವ ಫರ್ನೆಸ್ ಆಗಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಬೇರೆ ವಿಭಾಗದಲ್ಲೋ, ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವವರ ಹತ್ತಿರವೋ ಮೊದಲೇ ಮಾತಾಡಿಕೊಳ್ಳಿ. ಆದರೆ ಲೋಹ ಕಾಯಿಸುವ ಫರ್ನೆಸ್‌ನಲ್ಲಿ ನಿಮ್ಮ ಬಿಳಿ ತುಂಡು ಇಟ್ಟರೆ ಕಬ್ಬಿಣದ ಕಲೆ ಹತ್ತುವ ಸಾಧ್ಯತೆ ಇದೆ. ಅದನ್ನು ಕೇಳಿಯೇ ಮುಂದುವರಿಯಿರಿ.

ಉಳಿದದ್ದು: ಜಿರ್ಕೋನಿಯಾ ಗುಂಡುಗಳ ಬಾಲ್ ಮಿಲ್, 0.1 ಮಿಲಿಗ್ರಾಂವರೆಗೆ ತೂಗುವ ತಕ್ಕಡಿ, ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದ ಪಿಎಚ್ ಮೀಟರ್, ವ್ಯಾಕ್ಯೂಮ್ ಡೆಸಿಕೇಟರ್, ನೀರಿನ ಬಾತ್, ಪ್ಲಾಸ್ಟಿಕ್ ಬೀಕರ್ ಮತ್ತು ಬಾಟಲಿಗಳು. ನೀರು ಡಿಐ ನೀರೇ (ಅಯಾನು ತೆಗೆದ ಶುದ್ಧ ನೀರು) ಆಗಬೇಕು. ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನಮ್ಮ ಇಡೀ ಪ್ರಯೋಗವೇ ಕ್ಯಾಲ್ಸಿಯಂ ಲೆಕ್ಕದ ಮೇಲೆ ನಿಂತಿದೆ, ಅಲ್ವಾ? ಪಾತ್ರೆ ತೊಳೆಯುವ ಕೊನೆಯ ಸುತ್ತೂ ಡಿಐ ನೀರಲ್ಲೇ ಇರಲಿ.

ಹಂತ 1: ಫೋಮ್ ಆರಿಸಿ, ತೂತು ತೆರೆಯಿರಿ

ಸೋಫಾಕ್ಕೆ ಹಾಕುವ ಫೋಮ್ ಆಗುವುದಿಲ್ಲ. ಅದರ ಕೋಶಗಳ ಮಧ್ಯೆ ತೆಳು ಪೊರೆ ಇರುತ್ತದೆ. ಸ್ಲರಿ ಆ ಪೊರೆ ಮೇಲೆ ಕೂತರೆ ತೂತು ಮುಚ್ಚಿದ ಸ್ಕ್ಯಾಫೋಲ್ಡ್ ಸಿಗುತ್ತದೆ. ಬೇಕಾದ್ದು ಪೊರೆ ತೆಗೆದ ಪಾಲಿಯುರೆಥೇನ್ ಫೋಮ್, ಇಂಚಿಗೆ 45ರಿಂದ 60 ರಂಧ್ರ ಇರುವಂಥದ್ದು. ಅಕ್ವೇರಿಯಂ ಫಿಲ್ಟರ್‌ಗೆ ಬಳಸುವ ಫೋಮ್ ಹೆಚ್ಚಾಗಿ ಈ ಜಾತಿಯದೇ. ಅಂಗಡಿಯಲ್ಲೇ ತುಂಡನ್ನು ಬೆಳಕಿಗೆ ಹಿಡಿದು ನೋಡಿ: ಎಳೆಗಳ ಮಧ್ಯೆ ಹೊಳೆಯುವ ಪೊರೆ ಕಂಡರೆ ಬೇಡ. ಬಾಯಿಂದ ಊದಿದರೆ ಗಾಳಿ ತಡೆಯಿಲ್ಲದೆ ಆಚೆ ಬರಬೇಕು.

ಕಾಯಿಸುವಾಗ ತುಂಡು ಕುಗ್ಗುತ್ತದೆ. ಉದ್ದದಲ್ಲಿ ಸುಮಾರು ಶೇ. 20ರಿಂದ 25 ಅಂತ ಹಿಡಿಯಿರಿ. 10 ಮಿ.ಮೀ. ಬೇಕಿದ್ದರೆ 13 ಮಿ.ಮೀ. ಕತ್ತರಿಸಿ. ಮೊದಲ ಸುತ್ತಿನಲ್ಲಿ ನಿಮ್ಮ ಪುಡಿ ಎಷ್ಟು ಕುಗ್ಗುತ್ತದೆ ಅಂತ ಅಳೆದು, ಆಮೇಲೆ ಲೆಕ್ಕ ಸರಿ ಮಾಡಿಕೊಳ್ಳಿ. ಕತ್ತರಿಯಿಂದ ಒತ್ತಿ ಕತ್ತರಿಸಿದರೆ ಅಂಚು ಮುಚ್ಚಿಕೊಳ್ಳುತ್ತದೆ. ಹೊಸ ಬ್ಲೇಡ್ ಬಳಸಿ.

ಕತ್ತರಿಸಿದ ತುಂಡುಗಳನ್ನು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿ. ಎಳೆಯ ಮೈ ಒರಟಾಗಿ ಸ್ಲರಿ ಹಿಡಿದುಕೊಳ್ಳುತ್ತದೆ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ.

ಹಂತ 2: ಸ್ಲರಿ ಕಲಸುವುದು

ಅಂಗಡಿಯಿಂದ ಬಂದ ಅತಿ ನುಣ್ಣನೆಯ ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ನೇರವಾಗಿ ಬಳಸಿದರೆ ನೀರನ್ನೆಲ್ಲ ಹೀರಿಕೊಂಡು ಪೇಸ್ಟ್ ಆಗಿಬಿಡುತ್ತದೆ. ಆಗ ಸುಮ್ನೆ ನೀರು ಸುರಿಯುತ್ತಾ ಹೋಗುತ್ತಾರೆ. ಸ್ಲರಿ ತೆಳುವಾಗುತ್ತದೆ, ಪದರವೂ ತೆಳು, ಕೊನೆಗೆ ತುಂಡು ಪುಡಿ. ಪುಡಿಯನ್ನು ಮೊದಲು 900 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ. ಕಣಗಳ ಒಟ್ಟು ಮೇಲ್ಮೈ ಕಮ್ಮಿಯಾಗಿ ಕಡಿಮೆ ನೀರಲ್ಲೇ ಹರಿಯುವ ಸ್ಲರಿ ಸಿಗುತ್ತದೆ. ಸಾಮಾನ್ಯ ಮಫಲ್ ಫರ್ನೆಸ್ ಇದಕ್ಕೆ ಸಾಕು.

ತೂಕದ ಲೆಕ್ಕದಲ್ಲಿ ಪುಡಿ ಮತ್ತು ನೀರು ಸರಿಸಮ ಇಟ್ಟು ಶುರು ಮಾಡಿ. ನೀರಿಗೆ ಮೊದಲು ಡಿಸ್ಪರ್ಸೆಂಟ್, ಅಂದರೆ ಕಣಗಳು ಗಂಟುಕಟ್ಟದಂತೆ ಬಿಡಿಸಿಡುವ ಪದಾರ್ಥ, ಹಾಕಿ. ಅಮೋನಿಯಂ ಪಾಲಿಅಕ್ರಿಲೇಟ್, ಪುಡಿಯ ತೂಕದ ಶೇ. 1ರಿಂದ 2. ಆಮೇಲೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ. ಬಾಲ್ ಮಿಲ್‌ನಲ್ಲಿ 12 ಗಂಟೆ ತಿರುಗಲಿ. ಬೈಂಡರ್ ಆಗಿ ಪಾಲಿವಿನೈಲ್ ಆಲ್ಕೋಹಾಲ್ ಶೇ. 2ರಿಂದ 3. ಇದನ್ನು ಬೇರೆಯಾಗಿ 80-90 ಡಿಗ್ರಿ ನೀರಲ್ಲಿ ಕರಗಿಸಿ, ಆರಿಸಿ, ಮಿಲ್ ನಿಲ್ಲಿಸಿದ ಮೇಲೆ ಸೇರಿಸಬೇಕು. ಕರಗಿಸಲು ಬಳಸಿದ ನೀರನ್ನೂ ಒಟ್ಟು ಲೆಕ್ಕಕ್ಕೆ ಹಿಡಿಯಿರಿ. ಬೈಂಡರನ್ನು ಮೊದಲೇ ಹಾಕಿದರೆ ನೊರೆ ಬಂದು, ಆ ಗುಳ್ಳೆಗಳೇ ನಾಳೆ ಎಳೆಯಲ್ಲಿ ತೂತಾಗುತ್ತವೆ. ನೊರೆ ಬಂದೇಬಿಟ್ಟರೆ ಒಂದೆರಡು ಹನಿ ಆಕ್ಟನಾಲ್ ಹಾಕಿ ನಿಧಾನಕ್ಕೆ ಕದಡಿ.

ಹದ ಹೇಗಿರಬೇಕು? ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿಗಿಂತ ತೆಳು. ಗಾಜಿನ ಕಡ್ಡಿ ಅದ್ದಿ ಎತ್ತಿದರೆ ಸಮನಾಗಿ ಹಿಡಿದು, ಹನಿ ನಿಧಾನವಾಗಿ ಬೀಳಬೇಕು. ಹತ್ತು ನಿಮಿಷ ಸುಮ್ಮನೆ ಬಿಟ್ಟಾಗ ಮೇಲೆ ನೀರು ಬೇರೆಯಾದರೆ ಡಿಸ್ಪರ್ಸೆಂಟ್ ಪ್ರಮಾಣ ಸರಿಯಿಲ್ಲ ಅಂತಲೇ ಅರ್ಥ. ಅದು ಕಮ್ಮಿಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ.

ಹಂತ 3: ಅದ್ದಿ, ಹಿಂಡಿ, ಒಣಗಿಸಿ

ಫೋಮನ್ನು ಸ್ಲರಿಯೊಳಗೆ ಮುಳುಗಿಸಿ ಅಲ್ಲೇ ಹಿಸುಕಿ ಬಿಡಿ. ಒಳಗಿನ ಗಾಳಿ ಹೊರಟು ಸ್ಲರಿ ಒಳಗೆ ಹೋಗುತ್ತದೆ. ಆಚೆ ತೆಗೆದು ಎರಡು ಗಾಜಿನ ಫಲಕದ ಮಧ್ಯೆ ಸಮನಾಗಿ ಒತ್ತಿ ಹೆಚ್ಚಿನದನ್ನು ಹಿಂಡಿ. ಉಳಿದ ಮುಚ್ಚಿದ ತೂತುಗಳನ್ನು ಮೆಲ್ಲನೆ ಗಾಳಿ ಊದಿ ತೆರೆಯಿರಿ. ಬೆರಳಿನಿಂದ ಹಿಂಡಿದರೆ ಒಂದು ಮೂಲೆ ದಪ್ಪ, ಒಂದು ಮೂಲೆ ತೆಳು.

ಕೋಣೆಯಲ್ಲೇ ಒಂದು ದಿನ ಒಣಗಲಿ. ಆಮೇಲೆ 60 ಡಿಗ್ರಿ ಓವನ್. ಬಿಸಿಲಿಗೆ ಇಡುವುದು, ಫ್ಯಾನ್ ಕೆಳಗೆ ಇಡುವುದು ಬೇಡ. ಹೊರಗಿನ ಪದರ ಬೇಗ ಒಣಗಿ ಬಿರುಕು ಬಿಡುತ್ತದೆ. ಮಳೆಗಾಲದ ವಾರಗಳಲ್ಲಿ ಒಂದು ದಿನ ಸಾಲುವುದಿಲ್ಲ. ದಿನ ಎಣಿಸುವ ಬದಲು ತೂಗಿ ನೋಡಿ. ತೂಕ ಇಳಿಯುವುದು ನಿಂತ ಮೇಲೆ ಓವನ್‌ಗೆ ಹಾಕಿ.

ಪರೀಕ್ಷೆ: ಒಣಗಿದ ತುಂಡನ್ನು ದೀಪಕ್ಕೆ ಹಿಡಿದರೆ ಆರಪಾರು ಬೆಳಕು ಕಾಣಬೇಕು. ಹ್ಯಾಂಡ್ ಲೆನ್ಸ್‌ನಲ್ಲಿ ನೋಡಿದಾಗ ಫೋಮ್ ಎಳೆ ಬರಿದಾಗಿ ಕಂಡರೆ, ನೀರು ಸ್ವಲ್ಪ ಜಾಸ್ತಿ ಹಾಕಿದ ಸ್ಲರಿಯಲ್ಲಿ ಇನ್ನೊಮ್ಮೆ ಅದ್ದಿ ಒಣಗಿಸಿ.

ಹಂತ 4: ಫೋಮ್ ಸುಡುವುದು, ಸೆರಾಮಿಕ್ ಕಾಯಿಸುವುದು

ಎಲ್ಲಕ್ಕಿಂತ ಹೆಚ್ಚು ತುಂಡುಗಳು ಸಾಯುವುದು ಇಲ್ಲೇ. ಪಾಲಿಯುರೆಥೇನ್ ಸುಡುವಾಗ ಬೇಗ ಕಾಯಿಸಿದರೆ ಒಮ್ಮೆಲೇ ಗ್ಯಾಸ್ ಬಂದು, ಇನ್ನೂ ಗಟ್ಟಿಯಾಗದ ಸೆರಾಮಿಕ್ ಚಿಪ್ಪನ್ನು ಒಡೆಯುತ್ತದೆ. ಆ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. ಎಗ್ಸಾಸ್ಟ್ ಇಲ್ಲದ ಕೋಣೆಯಲ್ಲಿ ಈ ಕೆಲಸ ಮಾಡಲೇಬೇಡಿ. ಕಿಟಕಿ ತೆಗೆದಿಟ್ಟರೆ ಸಾಲದು.

ವೇಗ ಹೀಗಿರಲಿ. 600 ಡಿಗ್ರಿವರೆಗೆ ನಿಮಿಷಕ್ಕೆ 1 ಡಿಗ್ರಿ. ಅಲ್ಲಿ 1 ಗಂಟೆ ನಿಲ್ಲಿಸಿ. ಆಮೇಲೆ ನಿಮಿಷಕ್ಕೆ 5 ಡಿಗ್ರಿಯಂತೆ 1250. ಅಲ್ಲಿ 2 ಗಂಟೆ. ಇಳಿಸುವುದೂ ನಿಮಿಷಕ್ಕೆ 5 ಡಿಗ್ರಿಗಿಂತ ಜೋರಾಗಿ ಬೇಡ. ಬಾಗಿಲು 100 ಡಿಗ್ರಿಗಿಂತ ಕೆಳಗೆ ಬಂದ ಮೇಲೇ ತೆಗೆಯಿರಿ.

ಬೆಳಿಗ್ಗೆ 8ಕ್ಕೆ ಹಾಕಿದರೆ ಸಂಜೆ ಐದೂವರೆಗೆ 600 ತಲುಪುತ್ತದೆ, ರಾತ್ರಿ ಹತ್ತೂಮುಕ್ಕಾಲಿಗೆ ಕಾಯಿಸುವುದು ಮುಗಿಯುತ್ತದೆ. ಹೊಗೆ ಬರುವ ಹೊತ್ತೆಲ್ಲ ಲ್ಯಾಬ್‌ನಲ್ಲಿ ಜನ ಇರುತ್ತಾರೆ, ಅದೇ ಒಳ್ಳೆಯದು. ಸಂಜೆ ಹಾಕಿ ಮನೆಗೆ ಹೋದರೆ ಅಪಾಯದ ಹೊತ್ತು ನಡುರಾತ್ರಿ ಬರುತ್ತದೆ.

ಇನ್ನು ಕರೆಂಟ್. ಬೆಸ್ಕಾಂ ನಿಮ್ಮ ಏರಿಯಾಕ್ಕೆ ವಿದ್ಯುತ್ ನಿಲುಗಡೆ ಪ್ರಕಟಿಸಿದೆಯಾ ನೋಡಿಕೊಂಡೇ ಫರ್ನೆಸ್ ಹಚ್ಚಿ. ಅದಕ್ಕಿಂತ ಮುಖ್ಯ, ಕರೆಂಟ್ ವಾಪಸ್ ಬಂದಾಗ ನಿಮ್ಮ ಕಂಟ್ರೋಲರ್ ಏನು ಮಾಡುತ್ತದೆ ಅಂತ ಗೊತ್ತಿರಬೇಕು. ಕೆಲವು ಬಿಟ್ಟಲ್ಲಿಂದ ನಿಧಾನಕ್ಕೆ ಮುಂದುವರಿಯುತ್ತವೆ. ಕೆಲವು ಕಳೆದುಹೋದ ಸಮಯ ಸರಿದೂಗಿಸಲು ಪೂರ್ತಿ ಪವರ್ ಹಾಕಿ ಮೇಲೇರುತ್ತವೆ. ಎರಡನೇ ಥರದ್ದಾದರೆ ಫೋಮ್ ಸುಡುವ ಹಂತದ ತುಂಡುಗಳನ್ನು ಮರೆತುಬಿಡಿ. ಖಾಲಿ ಫರ್ನೆಸ್ 200 ಡಿಗ್ರಿಯಲ್ಲಿರುವಾಗ ಮೇನ್ ಆಫ್ ಮಾಡಿ, ಕಾಲು ಗಂಟೆ ಬಿಟ್ಟು ಆನ್ ಮಾಡಿ ನೋಡಿದರೆ ಗೊತ್ತಾಗುತ್ತದೆ.

ತುಂಡುಗಳನ್ನು ಅಲ್ಯೂಮಿನಾ ಫಲಕದ ಮೇಲೆ, ಕೆಳಗೆ ಒಂದು ಚಿಟಿಕೆ ಹೈಡ್ರಾಕ್ಸಿಅಪಟೈಟ್ ಪುಡಿ ಉದುರಿಸಿ ಇಡಿ. ಕುಗ್ಗುವಾಗ ಜಾರಲು ಜಾಗ ಸಿಗುತ್ತದೆ, ತಳ ಬಿರಿಯುವುದಿಲ್ಲ. ಇದೇ ತಾಪದ ಪಟ್ಟಿಯನ್ನು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಇನ್ನೊಂದು ಮೂಳೆ ಸೆರಾಮಿಕ್‌ಗೆ ಬಳಸಬೇಡಿ. ಅದು ಸುಮಾರು 1125 ಡಿಗ್ರಿ ದಾಟಿದರೆ ಆಲ್ಫಾ ರೂಪಕ್ಕೆ ತಿರುಗಿ ಹಿಗ್ಗುತ್ತದೆ, ಬಿರುಕು ಬಿಡುತ್ತದೆ. ಅದಕ್ಕೆ 1100 ಸಾಕು.

ಪರೀಕ್ಷೆ: ಆರಿದ ತುಂಡನ್ನು ಕಪ್ಪು ಕಾಗದದ ಮೇಲೆ ಮೆಲ್ಲಗೆ ಎಳೆಯಿರಿ. ಸೀಮೆಸುಣ್ಣದ ಹಾಗೆ ಬಿಳಿ ಗೆರೆ ಬಿದ್ದರೆ ಅದು ಬೆಂದಿಲ್ಲ. ಚೆನ್ನಾಗಿ ಬೆಂದದ್ದು ಗೆರೆ ಬಿಡುವುದಿಲ್ಲ. ಫಲಕದ ಮೇಲೆ ಇಟ್ಟರೆ ಸಣ್ಣಗೆ ಪಿಂಗಾಣಿಯ 'ಟಿಣ್' ಅನ್ನುತ್ತದೆ. ಬೂದು ಬಣ್ಣ ಉಳಿದಿದ್ದರೆ ಇಂಗಾಲ ಪೂರ್ತಿ ಸುಟ್ಟಿಲ್ಲ, ಗಾಳಿ ಸಾಲಲಿಲ್ಲ. ಒಂದು ತುಂಡನ್ನು ಪುಡಿ ಮಾಡಿ ಎಕ್ಸ್‌ಆರ್‌ಡಿಗೆ (ಎಕ್ಸ್-ರೇ ಹಾಯಿಸಿ ಹರಳಿನ ಜಾತಿ ಗುರುತಿಸುವ ಪರೀಕ್ಷೆ) ಕೊಡಿ. ತಾಮ್ರದ ಟ್ಯೂಬ್‌ನಲ್ಲಿ 31.8 ಡಿಗ್ರಿ ಕೋನದ (ಶಾಖವಲ್ಲ) ಹತ್ತಿರದ ಗೆರೆ ಹೈಡ್ರಾಕ್ಸಿಅಪಟೈಟ್‌ನದು. 31.0 ಹತ್ತಿರ ಇನ್ನೊಂದು ಎದ್ದರೆ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಸೇರಿದೆ. 37.4 ಹತ್ತಿರ ಕಂಡರೆ ಸುಣ್ಣ, ಅಂದರೆ ಪುಡಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಇತ್ತು. ಸುಣ್ಣ ಇರುವ ತುಂಡು ನೀರಲ್ಲಿ ಪಿಎಚ್ ಏರಿಸಿ ಮುಂದಿನ ಎರಡೂ ಕೋಟಿಂಗ್ ಕೆಡಿಸುತ್ತದೆ.

ಬಲದ ಬಗ್ಗೆ ಆಸೆ ಹದದಲ್ಲಿರಲಿ. ಫೋಮ್ ಎಳೆ ಸುಟ್ಟ ಜಾಗ ಟೊಳ್ಳಾಗಿಯೇ ಉಳಿಯುತ್ತದೆ. ಶೇ. 80-90 ರಂಧ್ರ ಇರುವ ಇಂಥ ತುಂಡು 1 ಮೆಗಾಪ್ಯಾಸ್ಕಲ್ ಒಳಗೇ ಮುರಿಯುವುದು ಸಾಮಾನ್ಯ. ನಮ್ಮ ಮೂಳೆಯ ಸ್ಪಂಜಿನಂಥ ಭಾಗ ಸುಮಾರು 2ರಿಂದ 12 ತಡೆಯುತ್ತದೆ. ತೆಳು ಸ್ಲರಿಯಲ್ಲಿ ವ್ಯಾಕ್ಯೂಮ್ ಹಾಕಿ ಇನ್ನೊಂದು ಸುತ್ತು ಅದ್ದಿ ಮತ್ತೆ ಕಾಯಿಸಿದರೆ ಬಿರುಕು ತುಂಬಿ ಸ್ವಲ್ಪ ಸುಧಾರಿಸುತ್ತದೆ. ಕೋಟಿಂಗ್‌ನಿಂದ ಬಲ ಬರುತ್ತದೆ ಅಂತ ಕಾಯಬೇಡಿ.

ಹಂತ 5: ತೊಳೆಯುವುದು

ಚಿಕ್ಕ ಕೆಲಸ, ಆದರೆ 'ಕೋಟಿಂಗ್ ಉದುರಿತು' ಎನ್ನುವವರಲ್ಲಿ ಬಹುತೇಕರು ಜಾರುವುದು ಇಲ್ಲಿ. ತಳಕ್ಕೆ ಹಾಕಿದ ಪುಡಿ, ಮುರಿದ ಎಳೆಯ ಚೂರು ತೂತುಗಳಲ್ಲಿ ಕೂತಿರುತ್ತವೆ. ಕೋಟಿಂಗ್ ಆ ಚೂರುಗಳ ಮೇಲೆ ಹಿಡಿಯುತ್ತದೆ, ಚೂರು ಉದುರಿದಾಗ ಅದೂ ಉದುರುತ್ತದೆ. ಎಥನಾಲ್‌ನಲ್ಲಿ ಅಲ್ಟ್ರಾಸಾನಿಕ್ ಬಾತ್ 3 ನಿಮಿಷ, ಆಮೇಲೆ ಡಿಐ ನೀರಲ್ಲಿ 3 ನಿಮಿಷ. ನೀರು ಕಲಕಾಗುವುದು ನಿಲ್ಲುವವರೆಗೆ ನೀರು ಬದಲಿಸಿ. ಹೊತ್ತು ಹೆಚ್ಚಿಸಬೇಡಿ, ತುಂಡೇ ಒಡೆಯುತ್ತದೆ. ಆಸಿಡ್‌ನಲ್ಲಿ ತೊಳೆಯುವ ಯೋಚನೆ ಬೇಡವೇ ಬೇಡ. ಹೈಡ್ರಾಕ್ಸಿಅಪಟೈಟ್ ಆಮ್ಲದಲ್ಲಿ ಕರಗುತ್ತದೆ.

110 ಡಿಗ್ರಿಯಲ್ಲಿ ಒಣಗಿಸಿ, ಒಂದೊಂದನ್ನೂ ತೂಗಿ, ನಂಬರ್ ಹಾಕಿದ ಬಾಕ್ಸ್‌ನಲ್ಲಿಡಿ. ಈ ತೂಕ ಬರೆದಿಡದಿದ್ದರೆ ಮುಂದೆ ಕೋಟಿಂಗ್ ಎಷ್ಟು ಹತ್ತಿತು ಅಂತ ಹೇಳಲು ದಾರಿ ಇಲ್ಲ. ಇನ್ನು ಮುಂದೆ ಚಿಮಟದಿಂದಲೇ ಹಿಡಿಯಿರಿ, ಬೆರಳಿನ ಎಣ್ಣೆ ತಾಗಬಾರದು.

ಹಂತ 6: ಪಾಲಿಡೋಪಮಿನ್ ಪದರ

10 ಮಿಲಿಮೋಲಾರ್ ಟ್ರಿಸ್ ಬಫರ್ (ಪಿಎಚ್ ಏರಿಳಿಯದಂತೆ ಹಿಡಿದಿಡುವ ದ್ರಾವಣ) ಮಾಡಿ: ಲೀಟರಿಗೆ 1.21 ಗ್ರಾಂ. ಹೈಡ್ರೋಕ್ಲೋರಿಕ್ ಆಮ್ಲ ಹನಿ ಹನಿ ಹಾಕಿ ಪಿಎಚ್ 8.5ಕ್ಕೆ ತನ್ನಿ. ಡೋಪಮಿನ್ ಹೈಡ್ರೋಕ್ಲೋರೈಡ್ ಮಿ.ಲೀ.ಗೆ 2 ಮಿಲಿಗ್ರಾಂ, ಅಂದರೆ 100 ಮಿ.ಲೀ.ಗೆ 200 ಮಿಲಿಗ್ರಾಂ.

ಕ್ರಮ ಮುಖ್ಯ. ಮೊದಲು ಸ್ಕ್ಯಾಫೋಲ್ಡ್ ಅನ್ನು ಬರೀ ಬಫರ್‌ನಲ್ಲಿ ಮುಳುಗಿಸಿ ವ್ಯಾಕ್ಯೂಮ್ ಹಾಕಿ. ತೂತುಗಳಿಂದ ಗುಳ್ಳೆ ಬರುವುದು ನಿಲ್ಲಲಿ. ಅದಾದ ಮೇಲೆ ಡೋಪಮಿನ್ ಹಾಕಿ, ಕರಗಿದ ತಕ್ಷಣ ಪಿಎಚ್ ಮತ್ತೊಮ್ಮೆ ನೋಡಿ. ಡೋಪಮಿನ್ ಹಾಕಿಟ್ಟು ಆಮೇಲೆ ವ್ಯಾಕ್ಯೂಮ್ ಮಾಡಿದರೆ ಪದರ ಹೊರಗಡೆ ಹತ್ತಲು ಶುರುವಾಗಿರುತ್ತದೆ, ಒಳಗೆ ಇನ್ನೂ ಗಾಳಿ. ಮೇಲಾಗಿ ಈ ಪ್ರತಿಕ್ರಿಯೆಗೆ ಆಮ್ಲಜನಕ ಬೇಕು, ವ್ಯಾಕ್ಯೂಮ್ ಅದನ್ನೇ ಎಳೆದುಬಿಡುತ್ತದೆ.

ಬಾಯಿ ತೆರೆದ ಬೀಕರ್, ನಿಧಾನ ಸ್ಟಿರರ್, ಕೋಣೆಯ ಶಾಖ, 12ರಿಂದ 24 ಗಂಟೆ. ತುಂಡನ್ನು ತಳದಲ್ಲಿ ಬಿಡದೆ ನೈಲಾನ್ ದಾರದಲ್ಲಿ ತೂಗುಹಾಕಿ. ಕಪ್ಪು ಕಣಗಳು ದ್ರಾವಣದಲ್ಲೂ ಹುಟ್ಟಿ ಕೆಳಗೆ ಕೂರುತ್ತವೆ. ತಳದಲ್ಲಿದ್ದ ತುಂಡಿನ ಮೇಲೆ ಅವೇ ಮಸಿಯ ಹಾಗೆ ಮೆತ್ತಿಕೊಂಡು, ಕೋಟಿಂಗ್ ಚೆನ್ನಾಗಿ ಹಿಡಿದಿದೆ ಅನ್ನುವ ಭ್ರಮೆ ಹುಟ್ಟಿಸುತ್ತವೆ.

ದ್ರಾವಣದ ಬಣ್ಣ ನೋಡುತ್ತಿರಿ. ಬಣ್ಣವಿಲ್ಲದ್ದು ಮೊದಲು ತಿಳಿ ಕಂದಾಗಿ, ಆಮೇಲೆ ಗಾಢವಾಗಿ, ಕೊನೆಗೆ ಕಪ್ಪಾಗುತ್ತದೆ. ಒಂದೆರಡು ಗಂಟೆಯಾದರೂ ತಿಳಿಯಾಗಿಯೇ ಇದ್ದರೆ ಪಿಎಚ್ ಕಮ್ಮಿ ಇದೆ ಅಥವಾ ಗಾಳಿ ಸಿಗುತ್ತಿಲ್ಲ. ಬಾಟಲಿಯಲ್ಲಿರುವ ಡೋಪಮಿನ್ ಪುಡಿಯೇ ಕಂದಾಗಿದ್ದರೆ ಅದು ಹಳತು, ಬಿಸಾಡಿ.

ಪರೀಕ್ಷೆ: ಮೂರು ಸಲ ಡಿಐ ನೀರಲ್ಲಿ ತೊಳೆದು ಒಣಗಿಸಿ, ಒಂದು ತುಂಡನ್ನು ಮನಸ್ಸು ಗಟ್ಟಿ ಮಾಡಿ ಮುರಿಯಿರಿ. ಒಳಗೂ ಹೊರಗೂ ಒಂದೇ ಕಂದು ಬಣ್ಣ ಇರಬೇಕು. ನಡುವಲ್ಲಿ ಬಿಳಿ ಮಚ್ಚೆ ಇದ್ದರೆ ಅದು ಗಾಳಿ ಕೂತಿದ್ದ ಜಾಗ. ಪದರ ಕೆಲವೇ ಹತ್ತು ನ್ಯಾನೋಮೀಟರ್ ದಪ್ಪ ಇರುವುದರಿಂದ ತೂಕದಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಸಂತೋಷಪಡಬೇಡಿ. ಅದು ಮೆತ್ತಿಕೊಂಡ ಕಣ.

ಹಂತ 7: ಎಸ್‌ಬಿಎಫ್ ತಯಾರಿ ಮತ್ತು ಅಪಟೈಟ್ ಬೆಳೆಸುವುದು

ಇಲ್ಲಿ ಹಾಕುವ ಕ್ರಮ ತಪ್ಪಿದರೆ ಏನೂ ಉಳಿಯುವುದಿಲ್ಲ. ಪ್ಲಾಸ್ಟಿಕ್ ಬೀಕರ್‌ನಲ್ಲಿ 700 ಮಿ.ಲೀ. ಡಿಐ ನೀರು, 36.5 ಡಿಗ್ರಿ, ಸ್ಟಿರರ್ ತಿರುಗುತ್ತಿರಲಿ. ಒಂದು ಪೂರ್ತಿ ಕರಗಿದ ಮೇಲೇ ಇನ್ನೊಂದು. 1 ಲೀಟರಿಗೆ ಹೀಗೆ:

1. ಸೋಡಿಯಂ ಕ್ಲೋರೈಡ್ 8.035 ಗ್ರಾಂ
2. ಸೋಡಿಯಂ ಬೈಕಾರ್ಬನೇಟ್ 0.355 ಗ್ರಾಂ
3. ಪೊಟ್ಯಾಸಿಯಂ ಕ್ಲೋರೈಡ್ 0.225 ಗ್ರಾಂ
4. ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ ಟ್ರೈಹೈಡ್ರೇಟ್ 0.231 ಗ್ರಾಂ
5. ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 0.311 ಗ್ರಾಂ
6. 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 39 ಮಿ.ಲೀ.
7. ನೀರಿಲ್ಲದ ಕ್ಯಾಲ್ಸಿಯಂ ಕ್ಲೋರೈಡ್ 0.292 ಗ್ರಾಂ
8. ಸೋಡಿಯಂ ಸಲ್ಫೇಟ್ 0.072 ಗ್ರಾಂ
9. ಟ್ರಿಸ್ 6.118 ಗ್ರಾಂ, ಸ್ವಲ್ಪ ಸ್ವಲ್ಪವಾಗಿ
10. ಪಿಎಚ್ ಸರಿ ಮಾಡಲು ಅದೇ ಆಮ್ಲ, 5 ಮಿ.ಲೀ. ಒಳಗೆ

ಆಮ್ಲ ಕ್ಯಾಲ್ಸಿಯಂಗಿಂತ ಮುಂಚೆ ಬಂದಿರುವುದಕ್ಕೆ ಕಾರಣ ಇದೆ. ಆಮ್ಲವಿಲ್ಲದ ನೀರಿಗೆ ಕ್ಯಾಲ್ಸಿಯಂ ಬಿದ್ದರೆ ಅಲ್ಲೇ ಇರುವ ಫಾಸ್ಫೇಟ್ ಜೊತೆ ಸೇರಿ ಬೆಳ್ಳಗೆ ಕೂರುತ್ತದೆ. ಟ್ರಿಸ್ ಹಾಕುವ ಮುಂಚೆ ಪಿಎಚ್ 2ರ ಆಸುಪಾಸು ಇರಬೇಕು. ಹಾಕುವಾಗ ಪಿಎಚ್ 7.45 ದಾಟಬಾರದು; ಹತ್ತಿರ ಬಂದರೆ ಒಂದೆರಡು ಹನಿ ಆಮ್ಲ, ಮತ್ತೆ ಟ್ರಿಸ್. ಕೊನೆಗೆ 36.5 ಡಿಗ್ರಿಯಲ್ಲಿ 7.40. ಟ್ರಿಸ್‌ನ ಪಿಎಚ್ ಶಾಖಕ್ಕೆ ತಕ್ಕಂತೆ ಬದಲಾಗುತ್ತದೆ. ಕೋಣೆಯ ಶಾಖದಲ್ಲಿ 7.40 ಮಾಡಿಟ್ಟದ್ದು ಇನ್‌ಕ್ಯುಬೇಟರ್ ಒಳಗೆ 7.40 ಆಗಿರುವುದಿಲ್ಲ. ಕೊನೆಗೆ 20 ಡಿಗ್ರಿಗೆ ತಣಿಸಿ 1 ಲೀಟರ್ ಗುರುತಿನವರೆಗೆ ನೀರು ತುಂಬಿ.

ಲೇಬಲ್ ಓದುವುದರಲ್ಲಿ ಆಗುವ ಎಡವಟ್ಟು ಬಹಳ. ಕಪಾಟಿನಲ್ಲಿ ನೀರಿಲ್ಲದ ಫಾಸ್ಫೇಟ್ ಇದ್ದರೆ 0.231 ಅಲ್ಲ, 0.174 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಇದ್ದರೆ ಸುಮಾರು 0.37 ಗ್ರಾಂ. ನೀರಿಲ್ಲದ ಕ್ಯಾಲ್ಸಿಯಂ ಕ್ಲೋರೈಡ್ ಮಳೆಗಾಲದಲ್ಲಿ ತಕ್ಕಡಿ ಮೇಲೇ ತೇವ ಹೀರಿ ಅಂಟಂಟಾಗುತ್ತದೆ, ಬೇಗ ತೂಗಿ.

ಪರೀಕ್ಷೆ: ತುಂಡು ಹಾಕದೆ ಒಂದು ಬಾಟಲಿ ಎಸ್‌ಬಿಎಫ್ ಅನ್ನು ರಾತ್ರಿಯಿಡೀ 36.5 ಡಿಗ್ರಿಯಲ್ಲಿಡಿ. ಬೆಳಿಗ್ಗೆ ತಿಳಿಯಾಗಿದ್ದರೆ ಬಳಸಿ. ಮಬ್ಬಾಗಿದ್ದರೆ ಇಡೀ ಲೀಟರ್ ಚೆಲ್ಲಿ. ಸೋಸಿ ಬಳಸುವುದು ಬೇಡ, ಅಯಾನುಗಳ ಲೆಕ್ಕ ಆಗಲೇ ತಪ್ಪಿದೆ. ಒಳ್ಳೆಯದನ್ನು 5-10 ಡಿಗ್ರಿಯಲ್ಲಿ ಇಟ್ಟು 30 ದಿನದೊಳಗೆ ಮುಗಿಸಿ. ಗೀಚಿದ ಪಾತ್ರೆ, ಗಾಜಿನ ಪಾತ್ರೆ ಬೇಡ. ಅಪಟೈಟ್ ನಿಮ್ಮ ತುಂಡಿನ ಬದಲು ಅಲ್ಲಿ ಬೆಳೆಯುತ್ತದೆ.

ಗಟ್ಟಿ ತುಂಡಾದರೆ ಮೇಲ್ಮೈಯ ಪ್ರತಿ 10 ಚದರ ಮಿ.ಮೀ.ಗೆ 1 ಮಿ.ಲೀ. ಲೆಕ್ಕ. 10 ಮಿ.ಮೀ. ಘನಕ್ಕೆ 60 ಮಿ.ಲೀ. ನಮ್ಮದು ರಂಧ್ರದ್ದು, ಜಾಸ್ತಿಯೇ ಬೇಕು. ಇಲ್ಲೂ ಗಾಳಿ ತೆಗೆದು ತೂಗುಹಾಕಿ. ಎರಡು ದಿನಕ್ಕೊಮ್ಮೆ ದ್ರಾವಣ ಬದಲಿಸಿ, 7ರಿಂದ 14 ದಿನ. ತೆಗೆದ ಮೇಲೆ ನೀರಲ್ಲಿ ಮೆಲ್ಲಗೆ ತೊಳೆದು ಕೋಣೆಯಲ್ಲೇ ಒಣಗಿಸಿ.

ಹಂತ 8: ಪದರ ಇದೆಯಾ ಅಂತ ತೋರಿಸುವುದು

ಎಕ್ಸ್‌ಆರ್‌ಡಿ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಕೆಳಗಿರುವುದೂ ಅಪಟೈಟ್, ಮೇಲೆ ಬೆಳೆದದ್ದೂ ಅಪಟೈಟ್. ಬರೀ ಎಕ್ಸ್‌ಆರ್‌ಡಿ ಹಿಡಿದು ವೈವಾಕ್ಕೆ ಹೋದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಎಫ್‌ಟಿಐಆರ್ (ಅತಿಗೆಂಪು ಬೆಳಕಿನಿಂದ ರಾಸಾಯನಿಕ ಗುಂಪು ಗುರುತಿಸುವ ಪರೀಕ್ಷೆ) ನೋಡಿ: ಪ್ರತಿ ಸೆಂ.ಮೀ. ಲೆಕ್ಕದಲ್ಲಿ 1420-1450 ಮತ್ತು 873ರ ಹತ್ತಿರ ಕಾರ್ಬನೇಟ್ ಗೆರೆಗಳು ಹೊಸದಾಗಿ ಎದ್ದಿರಬೇಕು. ಚೆನ್ನಾಗಿ ಕಾಯಿಸಿದ ಮೂಲ ತುಂಡಿನಲ್ಲಿ ಅವು ತೀರ ಕ್ಷೀಣ. ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿದಾಗ, ನೆನೆಸುವ ಮುಂಚಿನ ನಯವಾದ ಕಣಗಳ ಮೇಲೆ ಚೂಪು ಎಸಳುಗಳ ಗುಂಡು ಗುಂಡು ಪದರ ಕಾಣಬೇಕು. ಮುಂಚಿನ ಚಿತ್ರವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡಿ ತೆಗೆಸಿ.

ಕಾಲೇಜಿನಲ್ಲಿ ಎಸ್‌ಇಎಂ ಇಲ್ಲದವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸೆನ್ಸ್ (ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್) ಕೇಂದ್ರದ ಉಪಕರಣಗಳು ಶುಲ್ಕಕ್ಕೆ ಸಿಗುತ್ತವೆ. ಸ್ಲಾಟ್ ಮೊದಲೇ ಹಿಡಿಯಿರಿ. ತುಂಡನ್ನು ಪೂರ್ತಿ ಒಣಗಿಸಿ, ಒಡೆದ ಮುಖ ಮೇಲೆ ಬರುವಂತೆ ಅಂಟಿಸಿ, ಚಿನ್ನದ ಲೇಪನ ಬೇಕು ಅಂತ ಹೇಳಿ. ರಂಧ್ರದ ಸೆರಾಮಿಕ್ ಲೇಪನವಿಲ್ಲದೆ ಬರೀ ಬಿಳಿ ಹೊಳಪಾಗಿ ಕಾಣುತ್ತದೆ.

ಹಂತ 9: ಜೀವಕೋಶ ಪರೀಕ್ಷೆಗೆ ಮುಂಚೆ

ಆಟೋಕ್ಲೇವ್‌ನಲ್ಲಿ ಒತ್ತಡದ ಮುಳ್ಳು ನೋಡಿ ನಂಬಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಮ್ಮಿ. ಗೇಜ್ 15 ಪಿಎಸ್‌ಐ ತೋರಿಸಿದಾಗ ಒಳಗೆ ಸುಮಾರು 119 ಡಿಗ್ರಿ ಮಾತ್ರ. 121ಕ್ಕೆ ಹದಿನಾರೂವರೆ ಹತ್ತಿರ ಬೇಕು. ಥರ್ಮಾಮೀಟರ್ ನೋಡಿ, ಇಂಡಿಕೇಟರ್ ಟೇಪ್ ಹಾಕಿ. ನಿಮ್ಮ ಆಟೋಕ್ಲೇವ್ ಎಷ್ಟು ಒತ್ತಡಕ್ಕೆ ಮಾಡಿದ್ದು ಅಂತಲೂ ನೋಡಿಕೊಳ್ಳಿ. ಯುವಿ ದೀಪದ ಕೆಳಗೆ ಇಟ್ಟರೆ ತೂತಿನ ಒಳಗೆ ಬೆಳಕು ಹೋಗುವುದಿಲ್ಲ, ಅದನ್ನು ನಂಬಬೇಡಿ. ಪಾಲಿಡೋಪಮಿನ್ ಮೇಲೆ ಪ್ರೋಟೀನ್ ಕಟ್ಟಿದ್ದರೆ ಶಾಖ ಹಾಕುವಂತೆಯೇ ಇಲ್ಲ. ಆಗ ಸೆರಾಮಿಕ್ ಅನ್ನು ಮೊದಲು ಸ್ಟೆರೈಲ್ ಮಾಡಿ, ಸೋಸಿದ ದ್ರಾವಣಗಳಲ್ಲಿ ಲ್ಯಾಮಿನಾರ್ ಹುಡ್ ಒಳಗೇ ಕೋಟಿಂಗ್ ಮಾಡಬೇಕು.

ಎಂಜಿ-63 ಅಥವಾ ಎಂಸಿ3ಟಿ3-ಇ1 ಎಂಬ ಮೂಳೆ ಜಾತಿಯ ಕೋಶಗಳು ಸಾಕು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ಕೋಶಗಳನ್ನು ತರಿಸಬಹುದು. ಹಿಂದಿನ ರಾತ್ರಿ ತುಂಡನ್ನು ಮೀಡಿಯಂನಲ್ಲಿ ನೆನೆಸಿಡಿ. ಕೋಶಗಳನ್ನು ಸಣ್ಣ ಹನಿಯಾಗಿ ಹಾಕಿ ಒಂದೆರಡು ಗಂಟೆ ಹಿಡಿದುಕೊಳ್ಳಲು ಬಿಟ್ಟು, ಆಮೇಲೆ ಮೀಡಿಯಂ ತುಂಬಿ.

ಕಂಟ್ರೋಲ್‌ಗಳಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಅಲಿಜರಿನ್ ರೆಡ್ ಬಣ್ಣ ಹಿಡಿಯುವುದು ಕ್ಯಾಲ್ಸಿಯಂ ಅನ್ನು. ನಿಮ್ಮ ಸ್ಕ್ಯಾಫೋಲ್ಡೇ ಕ್ಯಾಲ್ಸಿಯಂ! ಕೋಶ ಇಲ್ಲದಿದ್ದರೂ ಕೆಂಪಗಾಗುತ್ತದೆ. ಹಾಗೆಯೇ ಪಾಲಿಡೋಪಮಿನ್ ತಾನೇ ಬದುಕಿರುವ ಕೋಶ ಅಳೆಯಲು ಬಳಸುವ ಎಂಟಿಟಿ ಬಣ್ಣವನ್ನು ನೇರಳೆ ಮಾಡಬಲ್ಲದು. ಆದ್ದರಿಂದ ಪ್ರತಿ ದಿನದ ಓದಿಗೂ ಕೋಶವಿಲ್ಲದ, ಅದೇ ಕೋಟಿಂಗ್ ಇರುವ ತುಂಡುಗಳನ್ನು ಜೊತೆಗಿಟ್ಟು ಆ ಸಂಖ್ಯೆ ಕಳೆಯಿರಿ. ಎಂಟಿಟಿಯ ಹರಳುಗಳು ತೂತಿನಲ್ಲಿ ಸಿಕ್ಕಿಕೊಳ್ಳುವುದರಿಂದ ಕರಗಿಸುವಾಗ ಅಲುಗಾಡಿಸಿ, ದ್ರಾವಣವನ್ನು ಬೇರೆ ಪ್ಲೇಟ್‌ಗೆ ವರ್ಗಾಯಿಸಿ ಓದಿ.

ಇದರ ಮುಂದೆ ಪ್ರಾಣಿ ಪ್ರಯೋಗದ ಯೋಚನೆ ಇದ್ದರೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಅರ್ಜಿಯನ್ನು ಸ್ಲರಿ ಕಲಸುವ ವಾರದಲ್ಲೇ ಹಾಕಿಬಿಡಿ. ಒಂದೇ ಬ್ಯಾಚಿನ ತುಂಡುಗಳು ಬೇಕಾಗುವುದರಿಂದ, ಕೋಟಿಂಗ್ ಮಾಡದ ಕೆಲವನ್ನು ಮುಚ್ಚಿದ ಡೆಸಿಕೇಟರ್‌ನಲ್ಲಿ, ಬ್ಯಾಚ್ ನಂಬರ್ ಮತ್ತು ಹಂತ 5ರ ತೂಕ ಬರೆದು ಎತ್ತಿಡಿ.